ಹಿಂಬಾಗಿಲ ನೀರು

ಕುಷ್ಟಗಿಯಲ್ಲಿ ನನ್ನದೊಂದು ಗ್ಯಾರೇಜಿದೆ. ಕಳೆದ ಮೇ ತಿಂಗಳಲ್ಲಿ ಯಲಬುರ್ಗಾದ ಶಿಕ್ಷಕಿ ಕಳಕಮ್ಮ ತಮ್ಮ ಹಳೆಯ ಎಸ್‌ಯುವಿ ತಂದರು.

"ಹನಮೇಶಣ್ಣ, ಹಿಂದಿನ ಬಾಗಿಲ ಸೋರತೈತ್ರಿ. ಸ್ಟೆಪ್ನಿ ಗುಂಡ್ಯಾಗ ದಿನಾ ನೀರು ನಿಂತಿರತೈತಿ" ಎಂದರು. ಆದರೆ ಕೊನೆಯ ಮಳೆ ಬಂದೇ ಎರಡು ತಿಂಗಳಾಗಿತ್ತು.

ಬಾಗಿಲಿನ ರಬ್ಬರ್ ಬದಲಿಸಿದೆ, ಹಿಂದಿನ ದೀಪಗಳ ಸುತ್ತ ಸೀಲಂಟ್ ಹಚ್ಚಿದೆ. ಮಧ್ಯಾಹ್ನ ಟಾರ್ಚ್ ಹಿಡಿದು ನಾನೇ ಡಿಕ್ಕಿಯೊಳಗೆ ಕುಳಿತು ಬಾಗಿಲು ಹಾಕಿಸಿಕೊಂಡೆ. ಟೀಚರ್ ಹೊರಗಿನಿಂದ ಪೈಪ್ ಹಿಡಿದು ನೀರು ಬಿಟ್ಟರು. ಒಂದು ಹನಿಯೂ ಒಳಗೆ ಬರಲಿಲ್ಲ.

"ಸಾಕ್ರಿ, ನಿಲ್ಲಸ್ರಿ!" ಎಂದು ಕೂಗಿದೆ. ತಗಡಿನ ಮೇಲೆ ನೀರು ಬೀಳುವ ಸದ್ದು ನಿಲ್ಲಲಿಲ್ಲ. ಒಳಗೆ ಹಲ್ಲು ಕಟಕಟ ಎನ್ನುವಷ್ಟು ತಣ್ಣಗಾಯಿತು. ಮೊಣಕಾಲ ಕೆಳಗಿನ ಮ್ಯಾಟ್ ತೊಯ್ದಿತು.

ಅವರು ಬಾಗಿಲೆತ್ತಿದರು. "ಕರೆಂಟ್ ಹೋಗಿ, ಮೋಟರ್ ನಿಂತು ಹತ್ತು ನಿಮಿಷ ಆತ್ರಿ. ಪೈಪಿನ್ಯಾಗ ನೀರಽ ಇಲ್ಲ."

ಗಾಡಿಯ ಮೇಲ್ಭಾಗ ಮುಟ್ಟಿದೆ. ಪೂರ್ತಿ ಒಣಗಿತ್ತು, ಕೈ ಸುಟ್ಟಿತು.

"ಮಾರಿಬಿಡ್ರಿ ಟೀಚರ್."

"ನಾ ಯಾಕ ಮಾರ್ಲಿ? ಗಾಡಿ ನಂದೈತಿ. ಒಳಗ ಯಾರರ ಇದ್ರ ಅವರಽ ಇಳೀಲಿ" ಎನ್ನುತ್ತ ಕಳಕಮ್ಮ ಮ್ಯಾಟನ್ನು ಅಂಗಳದಲ್ಲೇ ಹಿಂಡಿ, ಒಳಗೆ ಹಾಕಿಕೊಂಡು ಹೊರಟರು. ಈಗಲೂ ಅದೇ ಗಾಡಿಯಲ್ಲಿ ಓಡಾಡುತ್ತಾರೆ; ಗುಂಡಿಯಲ್ಲಿ ಮತ್ತೆ ನೀರು ನಿಂತಿಲ್ಲವಂತೆ.

ಅವರು ಮ್ಯಾಟ್ ಹಿಂಡಿದ ಜಾಗದಲ್ಲಿ ದಿನವಿಡೀ ಬಿಸಿಲು ಬೀಳುತ್ತದೆ. ಇವತ್ತಿಗೂ ಅದು ಒಣಗಿಲ್ಲ. ಟೀಚರ್ ಗಾಡಿ ಬಿಡದ ಹಾಗೆ ನಾನೂ ಗ್ಯಾರೇಜ್ ಬಿಟ್ಟು ಹೋಗಿಲ್ಲ.