ಬಿಸಿಲು ಕದ್ದು ಸಹನೆ ಹಂಚಿದವನು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಹೊಂಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದ ಬಿಸಿಲನ್ನು ಶಾಂತಪಾಲನೆಂಬ ಮಾಂತ್ರಿಕ ಕದ್ದುಬಿಟ್ಟ. ಬೆಟ್ಟದ ಮೇಲಿನ ತನ್ನ ಕೋಟೆಗೆ ಒಯ್ದು, ತಾಮ್ರದ ಹಂಡೆಯೊಂದರಲ್ಲಿ ಅದನ್ನು ತುಂಬಿಟ್ಟು, ದಿನಕ್ಕೆ ಮೂರು ಸಲ ನೀರು ಕಾಯಿಸಿಕೊಂಡು ಸ್ನಾನ ಮಾಡುತ್ತಿದ್ದ. ಒಬ್ಬನ ಮೈ ತೊಳೆಯಲು ಒಂದು ರಾಜ್ಯದ ಬಿಸಿಲು ಬೇಕಾಯಿತು ನೋಡಿ.

ಕದ್ದವನು ಸುಮ್ಮನಿರಬೇಕಲ್ಲ, ಅದೂ ಇಲ್ಲ. ಸ್ನಾನ ಮುಗಿಸಿ, ಏಳು ಕಂಬಳಿ ಹೊದ್ದು ಊರಿಗೆ ಇಳಿಯುತ್ತಿದ್ದ. ಅರಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಉಪದೇಶ ಮಾಡುತ್ತಿದ್ದ.

"ಚಳಿ ಹೊರಗಿಲ್ಲ, ನಿಮ್ಮ ಮನಸ್ಸಿನಲ್ಲಿದೆ. ಗಟ್ಟಿ ಮನಸ್ಸಿನವರು ನಡುಗುವುದಿಲ್ಲ. ದಿನಕ್ಕೆ ಮೂರು ಸಲ ಹೇಳಿ, ನನಗೆ ಚಳಿಯಿಲ್ಲ ಅಂತ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ದೊರೆ ಪಕ್ಕದಲ್ಲೇ ಕೂತು ತಲೆದೂಗುತ್ತಿದ್ದ. ಅರಮನೆಯಲ್ಲಿ ಹಗಲಿರುಳು ಬೆಂಕಿ ಉರಿಯುತ್ತಿತ್ತು, ತಲೆದೂಗಲು ಅವನಿಗೇನು ಕಷ್ಟ? ಜನ ಮಾತ್ರ ಪಾಪ, ನಂಬಿ ಹೇಳಿದರು. ಅವರು ಹೇಳಿದಷ್ಟೂ ಮಾಂತ್ರಿಕನ ಹಂಡೆ ಗಟ್ಟಿಯಾಯಿತು, ಅವರ ಕಾಲು ಮಂಜುಗಡ್ಡೆಯಾಯಿತು.

ಕಂಬಳಿ ನೇಯುವವರ ಬೀದಿಯಲ್ಲಿ ದ್ಯಾವಮ್ಮ, ಮಾಳವ್ವ ಎಂಬ ಅಕ್ಕತಂಗಿಯರಿದ್ದರು. ಒಂದು ಬೆಳಿಗ್ಗೆ ಅಕ್ಕ ದ್ಯಾವಮ್ಮ ಮಗ್ಗದಿಂದ ಏಳಲಿಲ್ಲ. ತಂಗಿ ಸೆರಗು ಸರಿಸಿ ನೋಡಿದಳು. ಸೊಂಟದವರೆಗೂ ಮಂಜುಗಡ್ಡೆ. ಎದೆಗೇರಿದರೆ ಜೀವ ಉಳಿಯುವುದಿಲ್ಲ, ಸಂಜೆಯೊಳಗೆ ಏರುತ್ತದೆ ಎಂದರು ನೆರೆಯವರು.

"ಮೊದಲೇ ಯಾಕಕ್ಕ ಹೇಳಲಿಲ್ಲ?" ಎಂದಳು ಮಾಳವ್ವ.

"ಹೇಳಿದ್ರೆ ಇವಳ ಮನಸ್ಸು ಗಟ್ಟಿಯಿಲ್ಲ ಅಂತಾರಲ್ಲೇ," ಎಂದಳು ದ್ಯಾವಮ್ಮ.

ಮಾಳವ್ವನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಬಿಸಿಲನ್ನು ವಾಪಸು ತರುತ್ತೇನೆಂದು ಬೆಟ್ಟದ ದಾರಿ ಹಿಡಿದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಆನೆ ನಿಂತಿತ್ತು. "ನಿನಗೇನು ಕೊರತೆ?" ಎಂದು ಕೇಳಿತು. ಉಪದೇಶ ಕೇಳಿ ಕೇಳಿ ನಾಲಿಗೆಗೆ ರೂಢಿಯಾಗಿತ್ತು. "ನನಗೇನೂ ಕೊರತೆಯಿಲ್ಲ," ಎಂದುಬಿಟ್ಟಳು. ಆನೆ ಸೊಂಡಿಲಿನಿಂದ ಎತ್ತಿ ಬೆಟ್ಟದ ಬುಡಕ್ಕೆ ಎಸೆಯಿತು. ಕಾಲು ಉಳುಕಿತು. ಮಾಳವ್ವ ಕುಂಟುತ್ತಾ ಮತ್ತೆ ಹತ್ತಿದಳು.

"ನಿನಗೇನು ಕೊರತೆ?"

"ಬಿಸಿಲಿಲ್ಲ. ಅಕ್ಕ ಸಾಯ್ತಿದ್ದಾಳೆ. ನೀನು ಎಸೆದಿದ್ದಕ್ಕೆ ಕಾಲೂ ಉಳುಕಿದೆ."

"ಇಷ್ಟು ವರ್ಷಕ್ಕೆ ಒಬ್ಬಳು ನಿಜ ಹೇಳಿದಳು," ಎಂದು ಆನೆ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಮೂರು ಕೊಕ್ಕಿನ ಕಾಗೆ ಕೂತಿತ್ತು. "ಬಿದ್ದವಳು ಬಂದಳು, ಸೋತವಳು ಬಂದಳು," ಎಂದು ಮೂರು ಕೊಕ್ಕಿನಲ್ಲೂ ಹಂಗಿಸಿತು. ಬೇರೆ ಯಾರಾಗಿದ್ದರೂ ಆ ಮಾತಿಗೆ ನಾಚಿ ಮರಳುತ್ತಿದ್ದರು.

"ಹೌದು, ಬಿದ್ದೆ. ಎದ್ದೂ ಬಂದೆ. ಅದನ್ನೂ ಸೇರಿಸಿ ಕೂಗು," ಎಂದಳು ಮಾಳವ್ವ. ಕಾಗೆಗೆ ಆ ಮಾತು ಬರುತ್ತಿರಲಿಲ್ಲ. ಅದು ಬಾಯಿ ಮುಚ್ಚಿತು, ಬಾಗಿಲು ತೆರೆಯಿತು.

ಮೂರನೆಯ ಬಾಗಿಲಲ್ಲಿ ಶಾಂತಪಾಲನೇ ಇದ್ದ. ಅವನ ಹಿಂದೆ ಹಂಡೆ ಕೆಂಪಗೆ ಹೊಳೆಯುತ್ತಿತ್ತು.

"ಬಾ ಮಗಳೇ. ಎಷ್ಟು ಕೋಪ ನಿನಗೆ," ಎಂದ ಮೆತ್ತಗೆ. "ನಿನ್ನ ಅಕ್ಕ ಸಾಯುತ್ತಿರುವುದು ಚಳಿಯಿಂದಲ್ಲ, ಅವಳದೇ ಅಳುಕಿನಿಂದ. ನೀನಾದರೂ ಗಟ್ಟಿಯಾಗು. ಹೇಳು, ನನಗೆ ಚಳಿಯಿಲ್ಲ."

ಆ ದನಿಯಲ್ಲೇ ಮಾಯೆಯಿತ್ತು. ಮಾಳವ್ವನ ನಾಲಿಗೆ ತಾನಾಗಿ ಆಡಿತು. "ನನಗೆ ಚಳಿಯಿಲ್ಲ." ಪಾದ ಮಂಜಾಯಿತು. "ನನಗೆ ಚಳಿಯಿಲ್ಲ." ಮೊಣಕಾಲು ಮಂಜಾಯಿತು. ಮೂರನೆಯ ಸಲ ಹೇಳಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಕಂಬಳಿ ನೇಯುವವರಲ್ಲಿ ಒಂದು ಕಟ್ಟಳೆಯಿದೆ. ಎಳೆ ಹರಿದರೆ ಕೂಗಿ ಹೇಳಬೇಕು. ಮುಚ್ಚಿಟ್ಟು ನೇಯ್ದರೆ ಕಂಬಳಿ ಕೆಡುತ್ತದೆ. ಕೂಗು ಕೇಳಿದವರು ಕೈಯ ಕೆಲಸ ಬಿಟ್ಟು ಬಂದು ಗಂಟು ಹಾಕಲು ನೆರವಾಗಬೇಕು. ಹರಿದದ್ದಕ್ಕೆ ಯಾರೂ ಬೈಯುವಂತಿಲ್ಲ. ನೂಲಿಗಾಗಿ ಹೀಗೆ ಕೂಗುವ ಬೀದಿ ತನ್ನ ಕಾಲು ಮಂಜಾಗುವಾಗ ತುಟಿ ಕಚ್ಚಿ ಕೂತಿತ್ತಲ್ಲ, ಅದು ಹೊಳೆದದ್ದೇ ಮಾಳವ್ವನ ಮೈ ಉರಿಯಿತು. ಕೋಟೆಯ ಅಂಚಿಗೆ ತೆವಳಿ, ಊರ ಕಡೆ ಮುಖ ಮಾಡಿ ಕೂಗಿದಳು.

"ಎಳೆ ಹರಿದಿದೆ!"

ಕೆಳಗೆ ಎಲ್ಲ ಮಗ್ಗಗಳೂ ನಿಂತವು. ನಡೆಯಬಲ್ಲವರು ನಡೆಯಲಾರದವರನ್ನು ಹೊತ್ತು ಬೀದಿಗೆ ಬಂದರು. "ಎಲ್ಲಿ ಹರಿದಿದೆ?" ಎಂದು ಕೇಳಿದರು.

"ನಮ್ಮಲ್ಲೇ. ನನಗೆ ಚಳಿಯಾಗ್ತಿದೆ. ನಿಮಗೆ?"

ಮೊದಲು ದ್ಯಾವಮ್ಮನ ದನಿ ಕೇಳಿತು. "ನನಗೂ ಚಳಿ. ತಡಕೊಳ್ಳೋಕೆ ಆಗ್ತಿಲ್ಲ." ಅವಳ ಹಿಂದೆ ಒಬ್ಬೊಬ್ಬರಾಗಿ, ಕೊನೆಗೆ ಇಡೀ ಊರೇ ಚಳಿ ಚಳಿ ಎಂದು ಕೂಗಿತು.

ಹಂಡೆ ಬಿರುಕು ಬಿಟ್ಟಿತು. ಬಿಸಿಲು ಬೆಟ್ಟದಿಂದ ಹರಿದು ಊರು ತುಂಬಿತು. ಮಾಂತ್ರಿಕ ಹೊದ್ದಿದ್ದ ಏಳು ಕಂಬಳಿಗಳೂ ಏಳು ಟಗರುಗಳಾಗಿ ಎದ್ದವು. ಗುದ್ದುತ್ತಾ ಗುದ್ದುತ್ತಾ ಅವನನ್ನು ಏಳು ಬೆಟ್ಟ ದಾಟಿಸಿ ಬಂದವು. ಅವನಿಗೆ ಅಷ್ಟೂ ಸಾಲದು ಎಂದೇ ನನ್ನ ಅಭಿಪ್ರಾಯ.

ಎಲ್ಲರ ಕಾಲಿನ ಮಂಜುಗಡ್ಡೆ ಕರಗಿತು, ದ್ಯಾವಮ್ಮ ಕಾಲೂರಿ ನಿಂತಳು. ಬೆಟ್ಟ ಇಳಿದು ಬಂದ ತಂಗಿಯ ಉಳುಕಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವಿದಳು. ಅಷ್ಟರಲ್ಲಿ ದೊರೆ ಪಲ್ಲಕ್ಕಿಯಲ್ಲಿ ಬಂದ.

"ನಮ್ಮ ಜನರ ಸಹನೆ ದೊಡ್ಡದು," ಎಂದ. "ಮಾಳವ್ವ, ನಾಳೆಯಿಂದ ಕಟ್ಟೆಯ ಮೇಲೆ ನೀನೇ ಕೂತು ಉಪದೇಶ ಹೇಳಮ್ಮ."

"ಉಪದೇಶ ಸಾಕಾಗಿದೆ ಬುದ್ಧಿ," ಎಂದಳು ಮಾಳವ್ವ. "ಜನರ ಮೈಯೆಲ್ಲ ಒದ್ದೆಯಾಗಿದೆ. ಅರಮನೆಯ ಸೌದೆ ಕಳಿಸಿ."

ದೊರೆ ಅತ್ತಿತ್ತ ನೋಡಿದ. ಈ ಸಲ ಯಾರೂ ತಲೆ ತಗ್ಗಿಸಿರಲಿಲ್ಲ. ಅವನು ಪಲ್ಲಕ್ಕಿ ಇಳಿದು ಸೌದೆ ತರಲು ಹೋದ. ಅಂದಿನಿಂದ ಹೊಂಗಿರಿಯಲ್ಲಿ ಎಲ್ಲರೂ ಬೆಚ್ಚಗೆ ಬಾಳಿದರು, ದೊರೆಯೂ ಸೌದೆ ಹೊರುವುದನ್ನು ಕಲಿತ.