ಹಿಂದಕ್ಕೆ ಹಾರಿದ ಬಾವುಟ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವನು ನಾನಲ್ಲ. ಹೇಳಬೇಕಾದವನು ಸಿಗುತ್ತಿಲ್ಲ, ಅದಕ್ಕೇ ನಾನು.

ನೀರು ಮೊಣಕಾಲಿಗೆ ಬಂದಿತ್ತು.

ಬೆನ್ನ ಹಿಂದೆ ಗೋಡೆಯಂಥ ಬಂಡೆ. ಬಂಡೆಯ ತುಂಬ ಹಡಗುಗಳು, ಲಂಗರುಗಳು, ಇಸವಿಗಳು... ಯಾವುದೋ ಕಾಲದ ನಾವಿಕರು ಗಾಳಿಗೆ ಕಾಯುತ್ತ ಬೇಸರ ಕಳೆಯಲು ಕೆತ್ತಿದವು. ಮುಂದೆ ಸಮುದ್ರ. ಸಮುದ್ರದ ಮೇಲೆ ನಾನು ಬಂದ ದೋಣಿ.

ನನ್ನನ್ನು ಬಿಟ್ಟು ಹೋಗುತ್ತಿದ್ದ ದೋಣಿ!

ದೋಣಿಯಲ್ಲಿ ಗೈಡ್ ಕೂತಿದ್ದ. ಹೋಟೆಲಿನಲ್ಲಿ ಎಲ್ಲರೂ ಅವನನ್ನು ನಗುಮುಖ ಎಂದೇ ಕರೆಯುತ್ತಿದ್ದರು. ಈಗಲೂ ನಗುತ್ತಿದ್ದ.

"ಉಬ್ಬರ ಬರ್ತಿದೆ ಸಾರ್. ನಿಧಾನವಾಗಿ ನೋಡ್ಕೊಳ್ಳಿ. ಅಷ್ಟು ದೂರದಿಂದ ಬಂದಿದ್ದೀರಿ."

ನನಗೆ ಈಜು ಬರುವುದಿಲ್ಲ. ಬರುವ ದಾರಿಯಲ್ಲಿ ಅದನ್ನು ಅವನಿಗೆ ಹೇಳಿದ್ದವನೂ ನಾನೇ.

ನಾನು ಇನ್ಶೂರೆನ್ಸ್ ಕಂಪನಿಯ ತನಿಖೆಯವನು. ಸುಟ್ಟ ಗೋದಾಮು, ಹಳ್ಳಕ್ಕೆ ಬಿದ್ದ ಲಾರಿ... ಸುಳ್ಳು ಹೇಳುವವರ ಮುಖ ಓದುವುದೇ ಹೊಟ್ಟೆಪಾಡು. ಆದರೆ ಈ ದ್ವೀಪಕ್ಕೆ ಕಂಪನಿ ಕಳಿಸಿರಲಿಲ್ಲ.

ಅಕ್ಕ ಕಳಿಸಿದ್ದಳು.

ಭಾವ ಕಲ್ಲುಕುಟಿಗ. ಸಮುದ್ರ ಎಷ್ಟೋ ದೂರವಿದ್ದ ಊರಿನವನು. ದ್ವೀಪದ ಹೋಟೆಲಿಗೆ ಕಲ್ಲಿನ ಮೆಟ್ಟಿಲು ಮಾಡಿಕೊಡಬೇಕಂತೆ ಎಂದು ಚೀಲದಲ್ಲಿ ಉಳಿ ಹಾಕಿಕೊಂಡು ಹೋದವನು ಮರಳಲಿಲ್ಲ. ಕೆಲಸ ಮುಗಿಸಿ ಹೊರಟುಹೋದ ಎಂದು ಹೋಟೆಲಿನವರು ಫೋನಿನಲ್ಲಿ ಹೇಳಿ ಕೈ ತೊಳೆದುಕೊಂಡಿದ್ದರು.

ಅಕ್ಕ ಅಳಲಿಲ್ಲ. ನನ್ನ ಬ್ಯಾಗಿಗೆ ಇಸ್ತ್ರಿ ಮಾಡಿದ ಶರ್ಟು ತುರುಕುತ್ತ ಹೇಳಿದಳು.

"ಇದ್ದಾರಾ, ಇಲ್ವಾ... ಅಷ್ಟು ತಿಳ್ಕೊಂಡು ಬಾ. ಎರಡರಲ್ಲಿ ಯಾವುದಾದ್ರೂ ತಡ್ಕೋತೀನಿ. ಈ ನಡುವಿಂದು ತಡ್ಕೊಳ್ಳೋಕಾಗಲ್ಲ ಕಣೋ."

ಪ್ರವಾಸಿಯ ವೇಷದಲ್ಲಿ ಬಂದು ಹೋಟೆಲಿನ ಮೂಲೆ ಮೂಲೆ ನೋಡಿದೆ. ಎಲ್ಲ ಮೆಟ್ಟಿಲೂ ಮರದವು. ಕಲ್ಲಿನದು ಒಂದೂ ಇಲ್ಲ!

ಹಾಗಾದರೆ ಫೋನಿನಲ್ಲಿ ಹೇಳಿದ್ದು ಸುಳ್ಳು.

ಇದ್ದದ್ದು ಒಂದೇ. ಬಾಗಿಲಲ್ಲಿ ದೊಡ್ಡ ಫೋಟೋ. ನಮ್ಮ ಮಾಲೀಕರೇ ಪತ್ತೆ ಹಚ್ಚಿದ, ಈ ಸಮುದ್ರದಲ್ಲೇ ಅತಿ ಹಳೆಯ ಹಡಗಿನ ಕೆತ್ತನೆ ಎಂದು ಕೆಳಗೆ ಬರೆದಿತ್ತು. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಅದು ಇದ್ದದ್ದು ದ್ವೀಪದ ಅಂಚಿನ ಕಡಿದಾದ ಬಂಡೆಯಲ್ಲಿ, ದೋಣಿಯಲ್ಲೇ ಹೋಗಬೇಕು, ಇಳಿತವಿದ್ದಾಗ ಮಾತ್ರ ಬುಡದಲ್ಲಿ ನಿಲ್ಲಲು ಜಾಗ. ನಗುಮುಖ ಹಾಯಿದೋಣಿಯಲ್ಲಿ ಕರೆದೊಯ್ದ. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಹಾಯಿ ಮುಂದಕ್ಕೆ ಉಬ್ಬಿತ್ತು. ಅದರ ತುದಿಯ ಪುಟ್ಟ ಬಾವುಟವೂ ಮುಂದಕ್ಕೇ ಪಟಪಟ ಎನ್ನುತ್ತಿತ್ತು. ಹೆದರಿಕೆಗೆ ನೀರು ನೋಡಲಾಗದೆ ದಾರಿಯುದ್ದಕ್ಕೂ ಅದನ್ನೇ ನೋಡಿದೆ.

ಬಂಡೆಯ ಮೇಲಿನ ಆ ಹಡಗನ್ನೂ ನೋಡಿದೆ. ಹಾಯಿ ಮುಂದಕ್ಕೆ ಉಬ್ಬಿದೆ. ಬಾವುಟ ಹಿಂದಕ್ಕೆ ಹಾರುತ್ತಿದೆ.

"ಬಾವುಟ ತಪ್ಪಾಗಿದೆಯಲ್ಲಾ..."

ಬಾಯಿಂದ ಜಾರಿಬಿಟ್ಟಿತು! ತಪ್ಪು ಕಂಡರೆ ಹೇಳದಿರಲು ನನ್ನಿಂದ ಆಗುವುದಿಲ್ಲ. ನಾವಿಕ ಇಂಥ ತಪ್ಪು ಮಾಡುವುದಿಲ್ಲ. ಓಡುವ ಲಾರಿಯ ಮೇಲಿನ ಬಾವುಟವನ್ನಷ್ಟೇ ನೋಡಿ ಬೆಳೆದವನು ಮಾಡುತ್ತಾನೆ.

ಕೆತ್ತನೆಯೊಳಗೆ ಬೆರಳಾಡಿಸಿದೆ. ಗೀರಿನ ಉದ್ದಕ್ಕೂ ಕೂದಲಿನಂಥ ಒಂದು ಏಣು, ಉಳಿ ಬಿಟ್ಟ ಉಬ್ಬುಗೆರೆ. ಭಾವನ ಉಳಿಯ ತುದಿ ಒಂದು ಕಡೆ ಚೂರು ಮುರಿದಿತ್ತು. ಅಕ್ಕನ ಮನೆಯ ಹೊಸ್ತಿಲಿನ ಕಲ್ಲಿನಲ್ಲೂ ಇದೇ ಏಣು ಇದೆ.

"ಕೆತ್ತಿದವ್ನು ನಿಮಗೇನಾಗ್ಬೇಕು ಸಾರ್?" ನಗುಮುಖ ಆಗಲೇ ದೋಣಿ ಹತ್ತಿದ್ದ.

ಏನೂ ಆಗಬೇಕಿಲ್ಲ ಎಂದೆ. ತುಂಬ ಬೇಗ ಎಂದುಬಿಟ್ಟೆ.

"ಹಳೇದು ಅಂತ ಜನಕ್ಕೆ ತೋರಿಸೋ ಮೋಸ ಅಂತ ಗೊತ್ತಾದ್ಮೇಲೆ ಅಳಿಸಿಬಿಡ್ತೀನಿ ಅಂತ ಉಳಿ ತಗೊಂಡು ಇಲ್ಲಿಗೇ ಬಂದ. ಒಳ್ಳೇ ಮನುಷ್ಯ. ಅವನಿಗೂ ಈಜು ಬರ್ತಿರಲಿಲ್ಲ."

ಹಾಗೆಂದು ಹುಟ್ಟಿನಿಂದ ಬಂಡೆಯನ್ನು ನೂಕಿದ. ದೋಣಿ ಹೊರಟಿತು. ನಾನು ಹೇಳಲು ಶುರುಮಾಡಿದ್ದು ಇಲ್ಲಿಂದ.

ನೀರು ಸೊಂಟಕ್ಕೆ ಬಂತು.

ಅಲೆ ಬಂದು ಬಡಿದಾಗಲೆಲ್ಲ ತಲೆ ಕಲ್ಲಿಗೆ ಹೊಡೆಯುತ್ತಿತ್ತು. ಕಿರುಚಿದೆ. ಕೇಳುವವರು ಯಾರು? ಬಂಡೆಯನ್ನು ತಬ್ಬಿಕೊಂಡು, ಕುರುಡನಂತೆ ತಡವುತ್ತ, ಪಕ್ಕಕ್ಕೆ ಸರಿದೆ. ಮೂಲೆಯಲ್ಲಿ ಒಂದು ಬಿರುಕು. ಅದರೊಳಗೆ ಕೈ ಹಾಕಿದೆ.

ಗುಳಿ!

ಮುಷ್ಟಿ ಹಿಡಿಯುವಷ್ಟು ಆಳ. ಒಳಗೆ ಕೂದಲಿನಂಥ ಏಣು...

ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು.

ಭಾವ ಮೆಟ್ಟಿಲು ಮಾಡಿಯೇ ಇದ್ದ. ನೀರು ಏರುತ್ತಿದ್ದ ಹಾಗೆ, ನಿಂತ ಗುಳಿಯಿಂದ ಮೇಲಿನ ಗುಳಿ ಕಡಿಯುತ್ತ, ಕೈಸೋತರೂ ಬಿಡದೆ.

ಹತ್ತಿದೆ. ಚಪ್ಪಲಿ ಕೆಳಗೆ ಹೋಯಿತು. ಕನ್ನಡಕ ಹೋಯಿತು. ಕೆಳಗೆ ನೋಡಲಿಲ್ಲ. ಉಗುರು ಕಿತ್ತು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು.

ಕೊನೆಯ ಗುಳಿ ಅರ್ಧವೇ ಆಗಿತ್ತು. ಹೆಬ್ಬೆರಳು ಕೂರುವಷ್ಟು. ಮೇಲೆ ಒಂದು ಮರದ ಬೇರು ಇಳಿಬಿದ್ದಿತ್ತು. ಕೈ ಚಾಚಿದೆ.

ಒಂದು ಗೇಣು ಕಡಿಮೆ.

ಎಷ್ಟು ಹೊತ್ತು ಹಾಗೇ ಅಂಟಿಕೊಂಡಿದ್ದೆನೋ. ಆಮೇಲೆ ಕಣ್ಣು ಮುಚ್ಚಿ ನೆಗೆದೆ. ಧೈರ್ಯದಿಂದಲ್ಲ... ಕಾಲು ನಡುಗಿ ಹೇಗಿದ್ದರೂ ಬೀಳುವವನಿದ್ದೆ.

ಬೇರು ಸಿಕ್ಕಿತು.

ಮೇಲೆ ಬರೀ ಹುಲ್ಲು. ಉಳಿ ಇಲ್ಲ, ಚೀಲ ಇಲ್ಲ. ಮುಳ್ಳುಪೊದೆಗಳಲ್ಲಿ ತೆವಳಿ ದ್ವೀಪದ ಆಚೆ ತುದಿಯ ಲೈಟ್‌ಹೌಸ್ ಮುಟ್ಟಿದೆ. ಅಲ್ಲಿನ ಕಾವಲುಗಾರ ವೈರ್‌ಲೆಸ್‌ನಲ್ಲಿ ಪೊಲೀಸರನ್ನು ಕರೆಸಿದ. ಹೋಟೆಲಿಗೆ ಬೀಗ ಬಿತ್ತು. ಮಾಲೀಕನನ್ನೂ ನಗುಮುಖನನ್ನೂ ಒಂದೇ ಲಾಂಚಿನಲ್ಲಿ ಕರೆದೊಯ್ದರು. ಠಾಣೆಯಲ್ಲೂ ಅವನು ನಗುತ್ತಲೇ ಹೇಳಿದನಂತೆ. ಕಲ್ಲುಕುಟಿಗನನ್ನು ಬಿಟ್ಟು ಬಂದದ್ದು ನಿಜ. ಇಳಿತವಾದ ಮೇಲೆ ಹೋಗಿ ನೋಡಿದ್ದೂ ನಿಜ. ಅಲ್ಲಿ ಯಾರೂ ಇರಲಿಲ್ಲ. ಹೆಣವೂ ಇರಲಿಲ್ಲ.

ಲೈಟ್‌ಹೌಸಿನವನು ಭಾವನನ್ನು ನೋಡಿಲ್ಲ. ಮೀನಿನ ದೋಣಿಗಳು ಬರುತ್ತವೆ, ಹೋಗುತ್ತವೆ, ಯಾರು ಹತ್ತಿದರು ಯಾರು ಇಳಿದರು ಎಂದು ತಾನು ನೋಡುತ್ತ ಕೂರುವುದಿಲ್ಲ ಎಂದ.

ಅಕ್ಕನಿಗೆ ಎಲ್ಲ ಹೇಳಿದೆ. ಅರ್ಧ ಗುಳಿಯ ಮಾತು ಬಂದಾಗ ಅವಳು ಕೈ ಎತ್ತಿ ತಡೆದಳು.

"ಆ ಬೇರು ನಿನಗೆ ಎಷ್ಟು ಎಟುಕಲಿಲ್ಲ ಅಂದೆ?"

"ಒಂದು ಗೇಣು."

"ಅಟ್ಟದ ಮೇಲಿನ ಡಬ್ಬ ನಿನಗೆ ಎಟುಕುತ್ತಾ?"

ಇಲ್ಲ ಎಂದೆ. ನನಗೆ ಸ್ಟೂಲ್ ಬೇಕು. ಭಾವ ನಿಂತಲ್ಲೇ ಕೈ ಚಾಚಿ ತೆಗೆಯುತ್ತಿದ್ದ. ಅವನು ನನಗಿಂತ ಒಂದು ಗೇಣು ಎತ್ತರ.

ಬೇರು ಕೈಗೆ ಸಿಕ್ಕಿತೆಂದು ಅವನು ಕಡಿಯುವುದನ್ನು ನಿಲ್ಲಿಸಿದನೋ, ಕಡಿಯುತ್ತಿರುವಾಗಲೇ ಕೈ ಜಾರಿತೋ... ನನಗೆ ಗೊತ್ತಿಲ್ಲ. ಬದುಕಿದ್ದರೆ ಯಾಕೆ ಬರಲಿಲ್ಲ, ಅದೂ ಗೊತ್ತಿಲ್ಲ. ಎರಡರಲ್ಲಿ ಒಂದನ್ನು ತಿಳಿದು ಬಾ ಎಂದಿದ್ದಳು. ನಡುವಿನದನ್ನೇ ತಂದುಕೊಟ್ಟೆ.

ಡಬ್ಬ ಇನ್ನೂ ಅಟ್ಟದ ಮೇಲೆಯೇ ಇದೆ. ಅಕ್ಕ ಸ್ಟೂಲನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದಾಳೆ.