ಮೂರನೆಯ ಕೂಗು

"ಹೊರಡೋವಾಗ ಒಬ್ಬೊಬ್ಬರ್ನೂ ಹೆಸರು ಹಿಡಿದು ಮೂರು ಸಲ ಕೂಗಿ ಕರ್ಕೊಂಡೋಗಿ ಸಾಮಿ. ಕೂಗಿಸ್ಕೊಂಡೋರು ಓ ಅನ್ಬೇಕು," ಎಂದಳು ಹೊಂಡದ ದಾರಿಯಲ್ಲಿ ಸೌತೆಕಾಯಿ ಮಾರುವ ಅಣ್ಣಮ್ಮ. "ನಿಮ್ಮನ್ನ ನೀವೇ ಕೂಗ್ಕೊಂಡ್ರೆ ಆಗಲ್ಲ, ಮನೆಯೋರು ಕೂಗ್ಬೇಕು."

ಮುತ್ತಣ್ಣ ಬಿದ್ದು ಬಿದ್ದು ನಕ್ಕ. ಕಲಬುರಗಿ ಕಡೆಯಿಂದ ಬಂದು ದೊಡ್ಡನೆಕ್ಕುಂದಿಯ ಫ್ಯಾಕ್ಟರಿ ಸೇರಿ ಮೂರು ತಿಂಗಳಾಗಿತ್ತು. ಕೆ.ಆರ್. ಪುರದಾಚೆ ಜ್ವಾಲಾಮುಖಿ ಸರೋವರವಿದೆ ಎಂದು ಮೊಬೈಲಿನ ವಿಡಿಯೋ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಿ, ಹೆಂಡತಿ ಜಯಮಾಲಾ ಮತ್ತು ಆರು ವರ್ಷದ ಮಗಳು ಹೇಮಶ್ರೀಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ ಮಹಾಶಯನಿಗೆ ಮುದುಕಿಯ ಮಾತು ಮಾತ್ರ ಮೂಢನಂಬಿಕೆ.

"ಜ್ವಾಲಾಮುಖಿ ಅಲ್ಲ, ಇದು ಕಲ್ಲು ಕ್ವಾರಿ," ಅಣ್ಣಮ್ಮ ದನಿ ತಗ್ಗಿಸಿದಳು. "ಸಿಡಿಮದ್ದಿಗೆ ಒಬ್ಬ ಕೂಲಿಯೋನು ಸತ್ತ. ಅವನ ಪ್ರೇತ ಮನೆಗೋಗಿ ಸುದ್ದಿ ಹೇಳ್ಬಾರ್ದು ಅಂತ ಕ್ವಾರಿ ಯಜಮಾನ ಮಾಟ ಮಾಡ್ಸಿ, ಹೆಸರ್ನ ತಾಮ್ರದ ತಗಡಲ್ಲಿ ಬರೆಸಿ, ಮೊಳೆ ಹೊಡ್ಸಿ ನೀರಿಗಾಕ್ದ. ಹೆಸರಿಲ್ದೆ ಅವ್ನು ಮನೆ ಸೇರಂಗಿಲ್ಲ. ಯಾರೂ ಕೂಗದ ಹೆಸರೊಂದು ಸಿಗ್ಲಿ ಅಂತ ಕಾಯ್ತಾವ್ನೆ."

"ಸಿಕ್ರ ನನ್ನ ಡ್ಯೂಟಿನೂ ಅವನೇ ಮಾಡ್ಲಿ ಬಿಡವ್ವ," ಎಂದ ಮುತ್ತಣ್ಣ.

ಕರಿಬಂಡೆಗಳ ನಡುವೆ ನೀರು ಹಸಿರಾಗಿ ತಣ್ಣಗಿತ್ತು. ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ, ಫೋಟೋ ತೆಗೆದು, ಮಗಳೊಂದಿಗೆ ಕಲ್ಲೆಸೆದು ಹೊತ್ತು ಕಳೆದರು. ಸಂಜೆಯಾದಂತೆ ಸುಟ್ಟ ಮದ್ದಿನ ಕಮಟು ವಾಸನೆ ಎದ್ದಿತು. ಕಾಗೆಗಳ ಸದ್ದಡಗಿತು.

"ಕೂಗ್ರಿ, ನಿಮ್ಮ ಗಂಟೇನ್ ಹೋಗ್ತದ?" ಎಂದಳು ಜಯಮಾಲಾ. ಮುತ್ತಣ್ಣ ನಾಟಕದವನಂತೆ ಕೈಯೆತ್ತಿ ಇಬ್ಬರನ್ನೂ ಮೂರು ಮೂರು ಸಲ ಕೂಗಿದ. ಹೆಂಡತಿ ಓಗೊಟ್ಟಳು. ತೂಕಡಿಸುತ್ತಿದ್ದ ಮಗಳೂ ಓ ಎಂದು ಅಮ್ಮನ ಹೆಗಲಿಗೊರಗಿ ನಿದ್ದೆ ಹೋದಳು.

ಇನ್ನು ಉಳಿದವನು ಅವನೊಬ್ಬ. ಮದುವೆಯಾಗಿ ಒಂಬತ್ತು ವರ್ಷವಾದರೂ ಜಯಮಾಲಾ ಗಂಡನ ಹೆಸರು ಹೇಳಿದವಳಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ತಾಯಿ ಕಲಿಸಿದ್ದಳು. ಪಡಿತರದಂಗಡಿಯಲ್ಲೂ ಮಗಳ ಬಾಯಿಂದಲೇ ಹೇಳಿಸುತ್ತಿದ್ದಳು. ಈಗಲೂ ಹೆಸರೆತ್ತದೆ "ಏನ್ರೀ, ಬರ್ರೀ," ಎಂದಳು, ಮೂರು ಸಲ.

"ಅಷ್ಟ ಸಾಕು ನಡಿ," ಎಂದು ನಕ್ಕು ಅವನು ಬುತ್ತಿಯ ಡಬ್ಬಿಗೆ ಬಗ್ಗಿದ.

ಡಬ್ಬಿ ಕೈಗೆ ಹತ್ತಲಿಲ್ಲ. ಮೇಲೆ ದಾರಿಯಲ್ಲಿ ಬೈಕು ಶುರುವಾಯಿತು. ತಿರುಗಿ ನೋಡಿದ. ಹಿಂದೆ ಹೆಂಡತಿ, ಮಗಳು; ಹ್ಯಾಂಡಲ್ ಹಿಡಿದವನು ತಾನೇ. ಅದೇ ನೀಲಿ ಅಂಗಿ, ಅದೇ ಬೆನ್ನು. ಅಂಗಿಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುತ್ತಣ್ಣ ಕಿರುಚಿದ. ಸದ್ದು ಬರಲಿಲ್ಲ. ಓಡಿದ. ದಡ ದಾಟಲು ಕಾಲು ಏಳಲಿಲ್ಲ.

ಆ ವಾರದ ಒಂಟಿತನವನ್ನು ಹೇಗೆ ಹೇಳುವುದು? ದೂರದ ರಿಂಗ್ ರೋಡಿನ ಹಾರ್ನ್ ಕೇಳುತ್ತಿತ್ತು. ಜನ ಬಂದರು, ಎದುರು ನಿಂತ ಅವನನ್ನು ಕಾಣದೆ ನೀರಿನ ಫೋಟೋ ತೆಗೆದರು. ಹೋಗುವಾಗ ಮನೆಯವರನ್ನೆಲ್ಲ ಕೂಗಿಕೊಂಡು ಹೋದರು. ಪ್ರತಿ ಹೆಸರಿಗೂ ಅವನ ಹೊಟ್ಟೆ ಉರಿಯಿತು.

ಮುಂದಿನ ಭಾನುವಾರ ಜಯಮಾಲಾ ಬಂದಳು. ಬೈಕು ನಿಲ್ಲಿಸುತ್ತಿದ್ದವನನ್ನು, ಮಗಳನ್ನು ಮೇಲೆಯೇ ಬಿಟ್ಟು ಓಡೋಡಿ ನೀರಿನಂಚಿಗೆ ಇಳಿದಳು.

"ನನಗ ಗೊತ್ತಾಗ್ಯಾದ್ರಿ," ಎಂದು ಬಿಕ್ಕಿದಳು. "ಮನಿಗಿ ಬಂದಾಂವ ನೀವಲ್ಲ. ಅವನ ಅಂಗಿ ಇನ್ನೂ ಆರವಲ್ದು."

ಅವನು ಅವಳ ಎದುರಿಗೇ ನಿಂತಿದ್ದ. ಕೈ ಚಾಚಿದರೆ ಕೆನ್ನೆ ಸಿಗುವಷ್ಟು ಹತ್ತಿರ. ಅವಳು ಕಣ್ಣು ಮುಚ್ಚಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಹೆಸರು ಅವಳ ಬಾಯಿಂದ ಬಂತು.

"ಮುತ್ತಣ್ಣಾ!"

ಅವನು ಬಾಯಿ ತೆರೆದ. ನೀರು ಬಂತು.

"ಓ," ಎಂದಿತು ಮೇಲಿನಿಂದ ಒಂದು ದನಿ.

"ನಿನ್ನಲ್ಲ! ಮುತ್ತಣ್ಣಾ!"

"ಓ." ದನಿ ಅರ್ಧ ದಾರಿ ಇಳಿದಿತ್ತು.

ಬೇಡ. ಸಾಕು. ಕೂಗಬೇಡ. ಅವನು ತಲೆ ಚಚ್ಚಿಕೊಂಡ. ಅವಳಿಗೆ ಕಾಣಲಿಲ್ಲ. ಉಸಿರೆಲ್ಲ ಒಟ್ಟುಗೂಡಿಸಿ ಮೂರನೆಯ ಸಲ ಕೂಗಿದಳು.

"ಓ," ಎಂದು ಹಿಂದಿನಿಂದ ಅವಳ ಭುಜದ ಮೇಲೆ ಕೈಯಿಟ್ಟವನ ಅಂಗಿ ಈಗ ಒಣಗಿತ್ತು. "ಇಲ್ಲೇ ಇದೀನಲ್ಲ, ಜಯಾ. ನಡಿ, ಮನೆಗೆ ಹೋಗೋಣ."

ಬೈಕಿನ ಸದ್ದು ಬಂಡೆಗಳಾಚೆ ಕರಗಿತು. ದಡದಲ್ಲಿ ನಿಂತವನು ತನ್ನ ಹೆಸರನ್ನು ತಾನೇ ಹೇಳಿಕೊಳ್ಳಲು ನೋಡಿದ. ಎಷ್ಟು ಯೋಚಿಸಿದರೂ ಅದು ನೆನಪಾಗಲಿಲ್ಲ.